ಗಾಡಿ ತಮ್ಮಂಗೆ, ಸ್ಪ್ಯಾನರ್ ಅಣ್ಣಂಗೆ

ವಿನೋಬನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಪುಷ್ಪಲತಾ ಚಿಲಕಕ್ಕೆ ಕಾಯುತ್ತಿದ್ದಳು. ಪಕ್ಕದಲ್ಲಿ ಬೀಗ ಕೊಳ್ಳಲು ಬಂದಿದ್ದವನೊಬ್ಬ, ಸ್ಪ್ಯಾನರ್ ನೋಡುತ್ತಿದ್ದ ತನ್ನ ತಮ್ಮನನ್ನು ಕಂಡು ತಡೆಯಲಾರದೆ ಬಾಯಿಬಿಟ್ಟ.

“ಪೂರಾ ಸೆಟ್ ಯಾಕೋ?”

“ವರ್ಷದ ಮ್ಯಾಲೆ ಮಾತಾಡ್ಸಿದೆ ನೋಡಣ್ಣ.”

“ಕೇಳಿದ್ದಕ್ಕೆ ಹೇಳು.”

“ಅಪ್ಪನ ರಾಜದೂತ್ ಬೈಕು ಮನ್ಯಾಗೇ ಬಿಚ್ಚಬೇಕು. ಪಾಲಿನಾಗ ಗಾಡಿ ನಂಗೆ ಬಂತು, ಸ್ಪ್ಯಾನರೆಲ್ಲ ನಿಂಗೆ ಹೋದ್ವು.”

“ಪ್ಲಗ್ ಸ್ಪ್ಯಾನರ್ ಒಂದು ತಗ. ಉಳಿದವು ನನ್ನತ್ರ ಅದಾವೆ.”

ಅಣ್ಣ ಎತ್ತಿಕೊಂಡ ಸ್ಪ್ಯಾನರಿಗೆ ತಮ್ಮ ಕೈ ಚಾಚಿದ. ಅಣ್ಣ ಅದನ್ನು ಕೌಂಟರ್ ಮೇಲಿಟ್ಟ.

“ಕಬ್ಬಿಣ ಕೈಯಾಗ ಕೊಡಬಾರದು. ಜಗಳ ಆಗ್ತೈತೆ.”

“ಆಗೋ ಜಗಳ ಆಗೇ ಹೋಗೈತಲ್ಲಣ್ಣ. ಕೈಯಾಗೇ ಕೊಡು.”

ಅಣ್ಣ ಎತ್ತಿ ಕೊಟ್ಟ. ದುಡ್ಡು ಕೊಟ್ಟು ಇಬ್ಬರೂ ಮಾತಾಡುತ್ತಲೇ ಮೆಟ್ಟಿಲಿಳಿದರು. ಬೀಗ ಕೊಳ್ಳುವುದನ್ನು ಅಣ್ಣ ಮರೆತಿದ್ದ. ಪುಷ್ಪಲತಾ ಕೂಗಿ ನೆನಪಿಸಲಿಲ್ಲ.