ಕೊನೆಯ ರಕ್ತದ ಹತ್ತಿರ ನಿಂತವನು

ಬಾಣದ ತುದಿಗೆ ಸಿಕ್ಕಿಸುವ ಆ ಹರಿತವಾದ ತುಂಡು... ಅದಕ್ಕೆ ಏನಂತಾರೆ? ಮೊಳೆ ಅಲ್ಲ. ಮೊನೆಯೂ ಅಲ್ಲ. ನಮ್ಮಪ್ಪ ಕತ್ತಿಗೂ ಅದೇ ಮಾತು ಹೇಳುತ್ತಿದ್ದರು... ತಾಳು, ಬಂತು. ಅಲಗು. ಈ ವಿಸ್ಕಾನ್ಸಿನ್ನಿನಲ್ಲಿ ಇದ್ದೂ ಇದ್ದೂ ನಾಲಿಗೆಗೆ ತುಕ್ಕು ಹಿಡಿದಿದೆ. ದೀಪ ಸ್ವಲ್ಪ ಸಣ್ಣ ಮಾಡು. ಇದು ನಮ್ಮ ಪಕ್ಕದ ಹೊಲದ ಮಾರ್ಲಿಸ್‌ಗೆ ಆದದ್ದು. ಕಟ್ಟಿದ ಕತೆ ಅಲ್ಲ.

ನವೆಂಬರ್ ತಿಂಗಳು. ಕತ್ತಲಾಗಿತ್ತು. ಮಾರ್ಲಿಸ್ ಓಕ್ ಮರದ ಅಟ್ಟಣೆಯಿಂದ ಇಳಿದು, ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಮನೆಗೆ ನಡೆಯುತ್ತಿದ್ದಳು. ಒಂದು ಹೆಣ್ಣು ಜಿಂಕೆಗೆ ಬಾಣ ಬಿಟ್ಟಿದ್ದಳು. ತಾಗಿದ ಸದ್ದೂ ಕೇಳಿತ್ತು... ಥಪ್. ಒದ್ದೆ ಮೂಟೆಯನ್ನು ನೆಲಕ್ಕೆ ಹಾಕಿದ ಹಾಗೆ. ಆದರೆ ಬಾಣ ಆಚೆ ಬದಿಯಿಂದ ಹೊರಬರಲಿಲ್ಲ. ಜಿಂಕೆ ಅದನ್ನು ಮೈಯಲ್ಲೇ ಹೊತ್ತುಕೊಂಡು ಓಡಿತು. ಅಂಥ ಜಿಂಕೆಯ ಹಿಂದೆ ಕೂಡಲೇ ಹೋಗಬಾರದು. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಅಟ್ಟಿದರೆ ಗುಡ್ಡ ದಾಟಿಬಿಡುತ್ತದೆ. ಹೊತ್ತು ಕೊಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು.

ದಾರಿಯಲ್ಲಿ ಆ ಬಾವಿ. ಯಾವ ಕಾಲದಲ್ಲೋ ಸುಟ್ಟುಹೋದ ಮನೆಯದು. ಮನೆ ಇಲ್ಲ, ಬಾವಿ ಮಾತ್ರ ಉಳಿದಿತ್ತು. ಹಿಂದಿನ ವರ್ಷದಿಂದ ಅದರ ಮೇಲೆ ಸಿಮೆಂಟಿನ ಚಪ್ಪಡಿ.

ಮಾರ್ಲಿಸ್ ಅದರ ಪಕ್ಕ ಹಾದುಹೋಗುವಾಗಲೆಲ್ಲ ಒಂದು ಮಾತು ಹೇಳುತ್ತಿದ್ದಳು. ಆವತ್ತೂ ಹೇಳಿದಳು.

"ಥೂ... ಮಾತಿಗೆ ತಪ್ಪಿದೋನೆ."

ಹೇಳಿ ಎರಡು ಹೆಜ್ಜೆ ಇಟ್ಟಿರಬೇಕು. ಚಪ್ಪಡಿಯ ಕೆಳಗಿನಿಂದ ಸದ್ದು... ಸರ್ಕ್... ಸರ್ಕ್... ಸಾಣೆಕಲ್ಲಿಗೆ ಅಲಗನ್ನು ತಿಕ್ಕುವ ಹಾಗೆ. ಅವಳು ನಿಂತಳು. ಸದ್ದೂ ನಿಂತಿತು. ನೀರಿರಬೇಕು ಅಂದುಕೊಂಡು ನಡೆದಳು.

ಆ ಬಾವಿಯಲ್ಲಿ ಸತ್ತದ್ದು ಅವಳ ಗಂಡ ಎಲ್ರಾಯ್. ಹಿಂದಿನ ನವೆಂಬರಿನಲ್ಲಿ, ಹೀಗೇ ಬಾಣ ತಾಗಿದ ಜಿಂಕೆಯನ್ನು ಹುಡುಕುತ್ತಾ ಹೋಗಿದ್ದ. ಆಗ ಬಾವಿಗೆ ಮುಚ್ಚಿದ್ದದ್ದು ಕೊಳೆತ ಹಲಗೆ.

ಇಲ್ಲಿಯ ಬಿಲ್ಲುಗಾರರಲ್ಲಿ ಒಂದು ಕಟ್ಟುಪಾಡು ಇದೆ. ರಾತ್ರಿ ರಕ್ತದ ಜಾಡು ಹಿಡಿಯಲು ಇಬ್ಬರು ಹೋಗಬೇಕು. ಜಾಡು ತಪ್ಪಿದ ಜಾಗಕ್ಕೆ 'ಕೊನೆಯ ರಕ್ತ' ಅಂತಾರೆ. ಒಬ್ಬ ದೀಪ ಹಿಡಿದು ಅಲ್ಲೇ ನಿಲ್ಲಬೇಕು, ಅಲುಗಬಾರದು. ಇನ್ನೊಬ್ಬ ಸುತ್ತ ಹುಡುಕುತ್ತಾ ಕತ್ತಲಲ್ಲಿ ಆಗಾಗ ಕೂಗುತ್ತಾನೆ, "ನಿಂತಿದ್ದೀಯಾ?" ನಿಂತವನು ಹೇಳಬೇಕು, "ನಿಂತಿದ್ದೀನಿ." ಆ ದನಿ ಹಿಡಿದೇ ಇವನು ಹಿಂದಿರುಗಬೇಕು.

ಒಬ್ಬನೇ ಎಂದಿಗೂ ಹೋಗುವುದಿಲ್ಲ ಅಂತ ಎಲ್ರಾಯ್ ಹೆಂಡತಿಗೆ ಮಾತು ಕೊಟ್ಟಿದ್ದ. ಆ ರಾತ್ರಿ ಅವಳು ಚೀಸ್ ಕಾರ್ಖಾನೆಯ ಪಾಳಿಯಲ್ಲಿದ್ದಳು. ಬೆಳಿಗ್ಗೆ ಬಂದರೆ ಹಾಸಿಗೆ ಖಾಲಿ. ಮಧ್ಯಾಹ್ನ ಬಾವಿಯಲ್ಲಿ ಸಿಕ್ಕಿದ. ಎಳೆಯ ವಯಸ್ಸಿನಿಂದ ಜೊತೆಗೆ ಬೇಟೆಯಾಡಿದ ಗೆಳೆಯ ವೆಂಡೆಲ್ ಎಲ್ಲರ ಮುಂದೆ ಅತ್ತ. "ನನ್ನ ಕರೆದಿದ್ರೆ ಬರ್ತಿರ್ಲಿಲ್ವಾ? ಒಬ್ಬನೇ ಯಾಕೆ ಹೋದ?"

ಮಾರ್ಲಿಸ್ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಮೂವತ್ತು ವರ್ಷ ಸಂಸಾರ ಮಾಡಿದವನು ಒಂದು ಜಿಂಕೆಗಾಗಿ ಮಾತು ಮುರಿದನಲ್ಲ ಅಂತ. ಸಮಾಧಿಗೆ ಹೂವಿಡಲಿಲ್ಲ. ಕಲ್ಲಿನ ಮೇಲೆ ಹೆಸರನ್ನೂ ಕೆತ್ತಿಸಲಿಲ್ಲ. ಅವಳಿಗೆ ಸೌದೆ ಒಡೆದುಕೊಟ್ಟವನು, ಅಂಗಳದ ಹಿಮ ಎತ್ತಿದವನು ವೆಂಡೆಲ್. ಭಾನುವಾರ ಅವಳ ಅಡುಗೆಮನೆಯಲ್ಲಿ ಕೂತು ಸೂಪು ಕುಡಿದು ಹೋಗುತ್ತಿದ್ದ.

ಆ ರಾತ್ರಿಯೂ ಅವಳು ಫೋನ್ ಮಾಡಿದ್ದು ಅವನಿಗೇ. ಗ್ಯಾಸ್‌ಲೈಟು ಹಿಡಿದು ಬಂದ. ಅದು ಸ್ಸ್ಸ್ ಅಂತ ಒಂದೇ ಸಮನೆ ಉಸಿರು ಬಿಡುತ್ತಿತ್ತು.

"ಎಲ್ಲಿಗೆ ತಾಗ್ತು?"

"ಸ್ವಲ್ಪ ಮೇಲಕ್ಕೆ. ಬಾಣ ಹೊರಗೆ ಬರ್ಲಿಲ್ಲ. ನೀನು ಕೊಟ್ಟ ಅಲಗು ತಾನೇ! ತಾಗಿದ ತಕ್ಷಣ ಛತ್ರಿ ಥರ ಬಿಚ್ಕೊಳ್ಳುತ್ತೆ ಅಂದೆ. ಛತ್ರಿ ಥರಾನೇ ಒಳಗೆ ಸಿಕ್ಕಾಕ್ಕೊಂಡಿದೆ."

"ನಿನ್ನ ಬಿಲ್ಲು ಮಕ್ಕಳಾಟದ್ದು. ಅಲಗನ್ನ ಯಾಕೆ ಬೈತೀಯ?"

"ಎಲ್ರಾಯ್ ಹೇಳ್ತಿದ್ದ. ಸಣ್ಣ ಬಿಲ್ಲಿಗೆ ಬಿಚ್ಚೋ ಅಲಗು ಬೇಡ, ಮೂರಂಚಿನ ಗಟ್ಟಿ ಅಲಗು ಹಾಕು, ಸಾಣೆ ಹಿಡಿ, ಈ ಕಡೆ ಹೊಕ್ಕು ಆ ಕಡೆ ಬರುತ್ತೆ ಅಂತ."

"ಎಲ್ರಾಯ್ ಬೇರೆಯೋರಿಗೆ ಹೇಳಿದ್ದನ್ನ ತಾನೂ ಮಾಡಿದ್ದಿದ್ರೆ..." ಅಂದ ವೆಂಡೆಲ್. ಅರ್ಧಕ್ಕೇ ನಿಲ್ಲಿಸಿದ. "ಬಿಡು. ನಡಿ."

ಬಾಣ ಒಳಗೇ ಉಳಿದರೆ ಒಂದೇ ತೂತು. ರಕ್ತವೆಲ್ಲ ಹೊಟ್ಟೆಯೊಳಗೇ ತುಂಬಿಕೊಳ್ಳುತ್ತದೆ, ಹೊರಗೆ ಬೀಳುವುದು ಹನಿ ಹನಿ. ಅದೂ ಜಾಡಿನ ಒಂದೇ ಬದಿಗೆ. ಬಲಗಡೆಯ ಎಲೆಗಳ ಮೇಲೆ ಒಂದು ಚುಕ್ಕೆ... ಮತ್ತೊಂದು... ಬಗ್ಗಿ ಬಗ್ಗಿ ನೋಡುತ್ತಾ ಇಬ್ಬರೂ ಇಳಿಜಾರಿನಲ್ಲಿ ಇಳಿದರು. ತೊರೆಯ ದಡದಲ್ಲಿ ಒಂದು ಕಲ್ಲಿನ ಮೇಲೆ ಉಗುರಿನಷ್ಟು ರಕ್ತ. ಆಮೇಲೆ ಏನೂ ಇಲ್ಲ. ಜಿಂಕೆ ನೀರಿಗೆ ಇಳಿದಿರಬೇಕು.

"ನಿಂತ್ಕೋ," ಅಂದಳು ಮಾರ್ಲಿಸ್.

ವೆಂಡೆಲ್ ಸುತ್ತ ನೋಡಿದ. "ಇಲ್ಲೇನಾ? ಇಲ್ಲಿ ಬೇಡ, ಮಾರ್ಲಿಸ್."

"ರಕ್ತ ಇಲ್ಲಿಗೆ ಮುಗಿದಿದೆ. ಇನ್ನೆಲ್ಲಿ ನಿಲ್ತೀಯ? ನನ್ನ ಅಡುಗೆಮನೇಲಾ?"

ಅವನು ನಗಲಿಲ್ಲ. ಗ್ಯಾಸ್‌ಲೈಟು ಎತ್ತಿ ಹಿಡಿದು ನಿಂತ. ಅವಳು ಟಾರ್ಚು ಹಿಡಿದು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ತೊರೆ ದಾಟಿದಳು.

"ನಿಂತಿದ್ದೀಯಾ?"

"ನಿಂತಿದ್ದೀನಿ."

ಆಚೆ ದಡದ ಹುಲ್ಲಿನಲ್ಲಿ ಕಂಡಿತು ರಕ್ತ. ಹನಿ ಅಲ್ಲ... ಚೆಲ್ಲಿದ ಹಾಗಿತ್ತು. ಗುಲಾಬಿ ಬಣ್ಣ, ನೊರೆ ನೊರೆ. ಶ್ವಾಸಕೋಶದ ರಕ್ತ. ಎಡಗಡೆಯ ಹುಲ್ಲಿಗೂ ಬಳಿದಿತ್ತು, ಬಲಗಡೆಯ ಹುಲ್ಲಿಗೂ ಬಳಿದಿತ್ತು.

ಅವಳು ಟಾರ್ಚನ್ನು ಹತ್ತಿರ ತಂದಳು. ಬಾಣ ಜಿಂಕೆಯ ಮೈಯಲ್ಲೇ ಇದೆ. ತೂತು ಒಂದೇ. ರಕ್ತ ಎರಡೂ ಕಡೆ ಹೇಗೆ ಬೀಳುತ್ತದೆ? ಬೆರಳಲ್ಲಿ ಮುಟ್ಟಿದಳು. ಬಿಸಿಯಾಗಿತ್ತು.

ಇದು ನನ್ನ ಜಿಂಕೆ ಅಲ್ಲ... ಅನ್ನಿಸಿತು. ಆದರೂ ಕಾಲು ನಿಲ್ಲಲಿಲ್ಲ. ಜಾಡು ದಡದ ಉದ್ದಕ್ಕೂ ಹೋಗಿ, ಎಲ್ಡರ್ ಪೊದೆಗಳ ಹಿಂದೆ ತಿರುಗಿ, ಹಳೆಯ ಗಾಡಿದಾರಿಯ ಪಕ್ಕದಲ್ಲಿ ಮುಗಿಯಿತು. ಅಲ್ಲಿ ಒಂದು ದೊಡ್ಡ ಪ್ರಾಣಿ ಬಿದ್ದ ಹಾಗೆ ಹುಲ್ಲು ಮಲಗಿತ್ತು. ಅಲ್ಲಿಂದ ಎಳೆದ ಗುರುತು. ಕೊಂಬು ಮಣ್ಣನ್ನು ಗೀರಿಕೊಂಡು ಹೋದ ಎರಡು ಗೆರೆ. ಗೆರೆ ಗಾಡಿಯ ಗಾಲಿಗುರುತಿಗೆ ಹೋಗಿ ನಿಂತಿತ್ತು. ಹೆಣ್ಣು ಜಿಂಕೆಗೆ ಕೊಂಬೆಲ್ಲಿಂದ ಬರಬೇಕು?

ತಲೆಯೆತ್ತಿ ನೋಡಿದಳು. ಮೇಲೆ, ಒಂದು ಕಲ್ಲೆಸೆತದ ದೂರದಲ್ಲಿ, ಬಾವಿಯ ಚಪ್ಪಡಿ ಬೆಳ್ಳಗೆ ಕಾಣುತ್ತಿತ್ತು.

ಆಗ ಕೇಳಿತು. ಬಾವಿಯ ಕಡೆಯಿಂದ... ಮೆಲ್ಲಗೆ...

"ವೆಂಡೆಲ್... ನಿಂತಿದ್ದೀಯಾ?"

ಅವಳ ಬಾಯಿ ಮುಚ್ಚಿತ್ತು. ದನಿ ಎಲ್ರಾಯ್‌ದು.

ತೊರೆಯ ಕಡೆಯಿಂದ ಉತ್ತರ ಬರಲಿಲ್ಲ.

"ವೆಂಡೆಲ್... ನಿಂತಿದ್ದೀಯಾ?"

ಅಷ್ಟು ಹೊತ್ತೂ ಕೇಳುತ್ತಿದ್ದ ಸ್ಸ್ಸ್ ಸದ್ದು ಥಟ್ಟನೆ ನಿಂತುಹೋಯಿತು. ತೊರೆಯ ಹತ್ತಿರ ಬೆಳಕು ಆರಿತು.

ಹೇಗೆ ತೊರೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ವೆಂಡೆಲ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಕೈ ಗ್ಯಾಸ್‌ಲೈಟಿನ ತಿರುಪಿನ ಮೇಲೇ ಇತ್ತು.

"ನೀನಾ ಕೂಗಿದ್ದು?" ಪಿಸುಗುಟ್ಟಿದ.

"ನಾನಲ್ಲ. ದೀಪ ಯಾಕೆ ಆರಿಸ್ದೆ?"

ವೆಂಡೆಲ್ ತಿರುಪಿನಿಂದ ಕೈ ತೆಗೆದ.

"ಕೇಳಿದ್ದಕ್ಕೆ ಹೇಳು. ದೀಪ ಯಾಕೆ ಆರಿಸ್ದೆ?"

"ಆವತ್ತೂ... ಆರಿಸಿದ್ದೆ."

ಮಾರ್ಲಿಸ್ ಟಾರ್ಚನ್ನು ಅವನ ಮುಖಕ್ಕೆ ಹಿಡಿದಳು.

"ಅವನು ಫೋನ್ ಮಾಡಿದ್ದ," ಅಂದ ವೆಂಡೆಲ್. "ನಾನು ಬಂದಿದ್ದೆ. ಇಲ್ಲೇ ನಿಂತಿದ್ದೆ. ಅವನು ಹುಡುಕ್ತಾ ಮೇಲಕ್ಕೆ ಹೋದ. ಕೆಳಗೆ ಆಚೆ ದಡದಲ್ಲಿ ಜಿಂಕೆ ದೊಪ್ ಅಂತ ಬಿದ್ದಿದ್ದು ನನಗೆ ಕೇಳ್ತು. ಹೋಗಿ ನೋಡ್ದೆ. ಅಂಥ ಕೊಂಬು ಹುಟ್ಟಿದಾಗಿನಿಂದ ನೋಡಿರ್ಲಿಲ್ಲ ನಾನು."

"ಊರಿನ ಬಾರಿನ ಗೋಡೆ ಮೇಲೆ ನೀನು ನೇತು ಹಾಕಿರೋ ತಲೆ. ಅದು ಅವನ ಜಿಂಕೆ."

"ಹೂಂ. ಎಳ್ಕೊಂಡು ಹೋಗಿ ಗಾಡಿಗೆ ಹಾಕ್ತಿದ್ದೆ. ಅವನು ಕೂಗಿದ. ಜಿಂಕೆ ಸಿಗದೆ ಕೂಗ್ತಿದಾನೆ ಅಂದ್ಕೊಂಡು ದೀಪ ಆರಿಸಿ ಸುಮ್ಮನಿದ್ದೆ. ಬಾವಿಗೆ ಬಿದ್ದಿದ್ದಾನೆ ಅಂತ ನನಗೆ ಗೊತ್ತಿರ್ಲಿಲ್ಲ, ಮಾರ್ಲಿಸ್. ದೇವರಾಣೆ."

"ಒಂದೇ ಸಲ ಕೂಗಿದ್ನಾ?"

"ಇಲ್ಲ."

"ಮತ್ತೆ?"

"ಆಮೇಲಾಮೇಲೆ... ದನಿ ಬೇರೆ ಥರ ಇತ್ತು."

"ಬೇರೆ ಥರ ಅಂದ್ರೆ?"

ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ಅವನು ಒಬ್ಬನೇ ಹೋಗಿರ್ಲಿಲ್ಲ," ಅಂದಳು ಮಾರ್ಲಿಸ್. ತನಗೆ ತಾನೇ ಹೇಳಿಕೊಂಡ ಹಾಗೆ. "ಒಂದು ವರ್ಷ ನಾನು ಆ ಬಾವಿಗೆ ಉಗಿದಿದ್ದೀನಿ. ನೀನು ನನ್ನ ಮೇಜಿನ ಮುಂದೆ ಕೂತು, ಇನ್ನೊಂಚೂರು ಸೂಪು ಹಾಕು ಅಂತಿದ್ದೆ."

"ಮಾರ್ಲಿಸ್..."

"ನನ್ನ ಹೆಸರು ಕರೀಬೇಡ. ಎದ್ದೇಳು. ನಿಂತ್ಕೋ."

ಅವನು ಎದ್ದು ನಿಂತ.

"ಬೆಳಗಾಗೋವರೆಗೂ ಇಲ್ಲೇ ನಿಂತಿರು. ಅವನು ಕೇಳ್ದಾಗೆಲ್ಲ ಹೇಳು."

ಹಿಂದಿರುಗಿ ನೋಡದೆ ಮನೆಗೆ ಬಂದಳು. ಬಂದವಳು ನಮ್ಮ ಬಾಗಿಲು ತಟ್ಟಿದಳು. ಇದನ್ನೆಲ್ಲ ನನಗೆ ಹೇಳಿದ್ದು ಆವಾಗಲೇ, ಕೈಯಲ್ಲಿ ರಕ್ತ ಇನ್ನೂ ಒಣಗಿರಲಿಲ್ಲ. ಇಬ್ಬರೂ ಕಿಟಕಿ ತೆರೆದು ಕೂತೆವು. ಗಾಳಿ ಇಲ್ಲದ ಚಳಿ ರಾತ್ರಿ, ದೂರದ ದನಿಯೂ ಹೊಲ ದಾಟಿ ಬರುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ವೆಂಡೆಲ್‌ನ ದನಿ...

"ನಿಂತಿದ್ದೀನಿ..."

ಮತ್ತೆ ಮೌನ. ಮತ್ತೆ, "ನಿಂತಿದ್ದೀನಿ..."

ರಾತ್ರಿಯಿಡೀ ಹೀಗೇ. ಕೇಳುವವನ ದನಿ ನನಗಂತೂ ಕೇಳಿಸಲಿಲ್ಲ. ಮಾರ್ಲಿಸ್‌ಗೆ ಕೇಳಿಸುತ್ತಿತ್ತೋ ಏನೋ. ಪ್ರತಿ ಸಲವೂ ವೆಂಡೆಲ್ ಉತ್ತರ ಕೊಡುವ ಮುಂಚೆಯೇ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಬೆಳಕು ಹರಿದ ಮೇಲೆ ಇಬ್ಬರೂ ಇಳಿದು ಹೋದೆವು. ವೆಂಡೆಲ್ ನಿಂತಿದ್ದ. ತುಟಿ ನೀಲಿ, ಟೋಪಿಯ ಮೇಲೆ ಬೆಳ್ಳಗೆ ಹಿಮ. ಅವನನ್ನು ಕೈಹಿಡಿದು ಕರೆತಂದದ್ದು ನಾನು. ಮಾರ್ಲಿಸ್ ಮುಟ್ಟಲಿಲ್ಲ. ಅವಳು ಹೊಡೆದ ಜಿಂಕೆ ತೊರೆಯ ಈಚೆಗೇ ಸತ್ತು ಬಿದ್ದಿತ್ತು, ಒಳಗೆ ಬಾಣ ಇತ್ತು. ಆಚೆ ದಡದಲ್ಲಿ ಹುಡುಕಿದೆವು. ಒಂದು ಹನಿ ರಕ್ತವೂ ಇಲ್ಲ. ಮಲಗಿದ ಹುಲ್ಲೂ ಇಲ್ಲ.

ವೆಂಡೆಲ್ ತಾನಾಗಿಯೇ ಪೊಲೀಸರ ಹತ್ತಿರ ಹೋಗಿ ಎಲ್ಲ ಹೇಳಿದ. ಆಮೇಲೆ ಊರು ಬಿಟ್ಟ. ಬಾರಿನವರು ಆ ತಲೆಯನ್ನು ಇಳಿಸಿ ಮಾರ್ಲಿಸ್‌ಗೆ ಕೊಡಲು ಬಂದರು, ಅವಳು ಬಾಗಿಲು ತೆರೆಯಲಿಲ್ಲ. ಹಿಮ ಕರಗಿದ ಮೇಲೆ ಕಲ್ಲಿನ ಮೇಲೆ ಎಲ್ರಾಯ್‌ನ ಹೆಸರು ಕೆತ್ತಿಸಿದಳು. ಆ ದಿನ ಅತ್ತಳು, ಕಲ್ಲಿಗೆ ಹಣೆ ಹಚ್ಚಿಕೊಂಡು.

ಒಂದು ಹೇಳುವುದು ಬಿಟ್ಟೆ. ಆ ಬೆಳಿಗ್ಗೆ ವೆಂಡೆಲ್‌ನನ್ನು ಕರೆದುಕೊಂಡು ಬರುವಾಗ ನೆಲ ನೋಡಿದೆ. ಎಲೆಗಳ ಮೇಲೆಲ್ಲ ಹಿಮ ಹಿಟ್ಟು ಚೆಲ್ಲಿದ ಹಾಗೆ ಬಿದ್ದಿತ್ತು. ವೆಂಡೆಲ್ ನಿಂತಲ್ಲಿ ಎರಡು ಬೂಟಿನ ಅಳತೆಗೆ ಹಿಮ ಬೀಳದೆ ಎಲೆ ಒಣಗೇ ಇತ್ತು, ಅದು ಸರಿ. ಅವನ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಇನ್ನೂ ಎರಡು ಬೂಟಿನ ಜಾಗ ಹಾಗೇ ಒಣಗಿತ್ತು. ಅಲ್ಲಿಗೆ ಬಂದ ಹೆಜ್ಜೆ ಇಲ್ಲ, ಹೋದ ಹೆಜ್ಜೆ ಇಲ್ಲ. ಬೂಟಿನ ಮೂತಿ ಎರಡೂ ವೆಂಡೆಲ್‌ನ ಕಡೆಗೇ ಇತ್ತು.

ನಾನು ನನ್ನ ಕಣ್ಣಾರೆ ಕಂಡದ್ದು. ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ. ಇದ್ದದ್ದು ಇದ್ದ ಹಾಗೆ ಬರೆದಿಡು, ಮಗಾ.