ಓವನ್ ಮೇಲಿನ ಡಬ್ಬಿಗಳು

ಹೊಲಿದ ಬಟ್ಟೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದರ್ಜಿ ಬಸ್ ಕಾಯುತ್ತ ಕೂತಿದ್ದ. ಸೈಕಲ್ ಕಾರ್ಖಾನೆಯ ನೀಲಿ ಕೋಟು ತೊಟ್ಟ ಹೆಂಗಸೂ ಅವಳ ಅಕ್ಕನ ಮಗಳೂ ಬಂದು ಪಕ್ಕದಲ್ಲೇ ಕೂತರು. ಬೇಡವೆಂದರೂ ಮಾತು ಅವನ ಕಿವಿಗೆ ಬಿತ್ತು.

"ಚಿಕ್ಕಮ್ಮ, ನಮ್ಮ ಸಂಶೋಧನೆಗೆ ಬಹುಮಾನ ಬಂತು. ನಿಮ್ಮ ಕಾರ್ಖಾನೆಯಲ್ಲಿ ಅಷ್ಟೊಂದು ಕರೆಂಟ್ ಹೇಗೆ ಉಳಿಸಿದ್ರಿ ಅಂತ ಎಲ್ಲರೂ ಕೇಳೋರೇ."

"ಒಳ್ಳೇದಾಯ್ತು ಕಣೆ."

"ಬಣ್ಣ ಒಣಗಿಸೋ ಓವನ್ ಊಟದ ಹೊತ್ತಲ್ಲೂ ಸುಮ್ಮನೆ ಉರೀತಿತ್ತು. ಮೀಟರ್ ಇಟ್ಟ ಮೇಲೇ ಗೊತ್ತಾಗಿದ್ದು. ಆ ಹೊತ್ತಲ್ಲಿ ಆರಿಸಿಬಿಡಿ ಅಂತ ಸಾಹೇಬರಿಗೆ ಹೇಳಿದ್ವಿ."

"ಸುಮ್ಮನೆ ಅಲ್ಲ. ಅದರ ನೆತ್ತಿ ಮೇಲೆ ನಮ್ಮ ಊಟದ ಡಬ್ಬಿ ಬಿಸಿಯಾಗ್ತಿದ್ವು. ಸುತ್ತ ಕೂತು ಎಲ್ಲರೂ ಒಟ್ಟಿಗೆ ಉಣ್ತಿದ್ವಿ. ಮೀಟರಿಗೆ ಹಸಿವಾಗಲ್ಲ, ಅದಕ್ಕೇನು ಗೊತ್ತು."

ಹುಡುಗಿ ಚಿಕ್ಕಮ್ಮನ ಕಡೆ ತಿರುಗಿ ಕೂತಳು. ದರ್ಜಿ ಗಂಟು ಬಿಗಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ.

"ಓವನ್ ಆರಿಸೋಕೆ ಹೇಳಿದಾಗ ನೀವೂ ಅಲ್ಲೇ ಇದ್ರಲ್ಲ. ಒಂದು ಮಾತು ಹೇಳಬಾರದಿತ್ತಾ?"

"ನಿನ್ನ ಮೊದಲ ಕೆಲಸ. ಸಾಹೇಬರ ಎದುರು ಹೇಗೆ ಬಾಯಿ ಹಾಕಲಿ? ನೀನೂ ಕೇಳಲಿಲ್ಲ."

"ನಾಳೆನೇ ಬಂದು ಹೇಳ್ತೀನಿ. ಡಬ್ಬಿ ಬಿಸಿ ಮಾಡೋಕೆ ಒಂದು ಸಣ್ಣ ಹೀಟರ್ ಸಾಕು."

"ಹೀಟರ್ ತರಬಹುದು. ಈಗ ಅವರವರು ಅವರವರ ಯಂತ್ರದ ಹತ್ರಾನೇ ತಿಂದು ಮುಗಿಸ್ತಾರೆ. ಅವರನ್ನೆಲ್ಲ ಮತ್ತೆ ಕರೆದು ಕೂರಿಸೋರು ಯಾರು?"

ಬಸ್ ಬಂತು. ಚಿಕ್ಕಮ್ಮನ ಊಟದ ಚೀಲ ಎತ್ತಿಕೊಂಡ ಹುಡುಗಿ ಹಾಗೇ ನಿಂತಳು.

"ಡಬ್ಬಿ ಇಷ್ಟು ಭಾರ ಇದೆಯಲ್ಲ. ಊಟ ಮಾಡ್ಲಿಲ್ವಾ?"

"ಹತ್ತು ಹತ್ತು, ಸೀಟು ಹೋಗುತ್ತೆ," ಎಂದಳು ಚಿಕ್ಕಮ್ಮ.