ಒಂದೇ ನೀರಿನಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ

ಹೆಸರು ಮತ್ತು ತಂದೆಯ ಹೆಸರು ಮೇಲಿನ ಕಾಲಂನಲ್ಲಿ ಬರೆಸಿದಂತೆ, ವಯಸ್ಸು 56 ವರ್ಷ, ಉದ್ಯೋಗ ಮನೆಯಲ್ಲೇ ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ತಯಾರಿಸುವುದು, ವಾಸ ಔಷಧಿ ಅಂಗಡಿಯ ಮೇಲಿನ ಮೂರನೇ ಮಹಡಿ, ಒಬ್ಬನೇ. ಈ ಮೂಲಕ ತಿಳಿಸುವುದೇನೆಂದರೆ, ಜೂನ್ 4ರಂದು ಕಂಪ್ಯೂಟರ್ ರಿಪೇರಿಯವರ ಮೇಲೆ ನಾನು ಇದೇ ಠಾಣೆಯಲ್ಲಿ ಕೊಟ್ಟ ದೂರು ಸುಳ್ಳು.

ನನ್ನ ಕಂಪ್ಯೂಟರ್ ದಿನಕ್ಕೆ ಹದಿನಾಲ್ಕು ಗಂಟೆ ಓಡುತ್ತದೆ. ಅದು ಕಾಯದಂತೆ ಒಳಗೆ ಕೊಳವೆಗಳಲ್ಲಿ ನೀರು ಸುತ್ತುತ್ತದೆ. ಮೂರು ವರ್ಷಗಳಿಂದ ಪ್ರತಿ ಫೆಬ್ರವರಿ, ಆಗಸ್ಟ್‌ನಲ್ಲಿ ಬಂದು ಆ ನೀರು ಬದಲಿಸುತ್ತಿದ್ದವರು ಈ ರಿಪೇರಿಯವರೊಬ್ಬರೇ. ಕೆಲಸ ನಲವತ್ತು ನಿಮಿಷದ್ದು, ಇವರು ಇರುತ್ತಿದ್ದದ್ದು ಎರಡೂವರೆ ಗಂಟೆ. ಹಳೆಯ ನೀರನ್ನು ಒಂದು ಚಿಕ್ಕ ಬಾಟಲಿಗೆ ತುಂಬಿ, ತಾರೀಖು ಬರೆದು, ಬೆಳಕಿಗೆ ಹಿಡಿದು ನೋಡಿ, ಕಿಟಕಿಯ ದಂಡೆಯ ಮೇಲೆ ಇಡುವುದು ಅವರ ಪದ್ಧತಿ. ಅದನ್ನು ಅವರು ಕಂಪ್ಯೂಟರಿನ ಜಾತಕ ಎನ್ನುತ್ತಾರೆ. ಒಟ್ಟು ಏಳು ಬಾಟಲಿಗಳಿವೆ. ಏಳರಲ್ಲೂ ನೀರು ತಿಳಿಯಾಗಿದೆ.

ಫೆಬ್ರವರಿ 9ರಂದು ಅವರು ತುಕ್ಕು ತಡೆಯುವ ಹೊಸ ದ್ರವ ಹಾಕಿದರು. ಒಳಗಿರುವುದೆಲ್ಲ ತಾಮ್ರ, ಹಿತ್ತಾಳೆ ಆದ್ದರಿಂದ ಇನ್ನು ಎರಡು ವರ್ಷ ತಾವು ಬರಬೇಕಾಗಿಲ್ಲವೆಂದು ಸಂತೋಷದಿಂದ ತಿಳಿಸಿದರು. ನನಗೆ ಸಂತೋಷವಾಗಲಿಲ್ಲ. ಏನು ಮಾಡಿದರೆ ಕೆಡುತ್ತದೆ ಎಂದು ಕೇಳಿದೆ.

"ಅಲ್ಯೂಮಿನಿಯಂ ಒಂದು ಒಳಗೆ ಸೇರಿಸ್ಬೇಡಿ ಸಾರ್. ತಾಮ್ರದ ಜೊತೆ ಒಂದೇ ನೀರಲ್ಲಿ ಬಿಟ್ರೆ ಪಾಪ, ಅದು ಸದ್ದಿಲ್ದೆ ಕರಗಿ ಹೋಗುತ್ತೆ. ಆಮೇಲೆ ತಿಂಗಳಿಗೊಂದ್ಸಲ ನನ್ನ ಮುಖ ನೋಡ್ಬೇಕಾಗುತ್ತೆ, ನೋಡಿ ಮತ್ತೆ!" ಎಂದು ನಕ್ಕರು. ಮೆಟ್ಟಿಲಿಳಿದು ಹೋದಾಗ ಮಧ್ಯಾಹ್ನ 1 ಗಂಟೆ 5 ನಿಮಿಷ. ಆಮೇಲೆ ನಾಲ್ಕು ದಿನ ನಾನು ಯಾರೊಂದಿಗೂ ಒಂದು ಮಾತೂ ಆಡಿಲ್ಲ. ಇದು ಹೇಳಿಕೆಗೆ ಬೇಡವೆಂದು ಠಾಣೆಯ ಬರಹಗಾರರು ಹೇಳಿದರು. ಬೇಕೆಂದು ನಾನು ಕೇಳಿಕೊಂಡೆ.

ಫೆಬ್ರವರಿ 20ರಂದು ಬೆಳಗ್ಗೆ 11.15ಕ್ಕೆ ನಾನೇ, ಸುತ್ತುವ ನೀರನ್ನು ತಣ್ಣಗಾಗಿಸುವ ತಾಮ್ರದ ರೇಡಿಯೇಟರ್ ಬಿಚ್ಚಿ, ತರಿಸಿಟ್ಟಿದ್ದ ಅಲ್ಯೂಮಿನಿಯಂನದನ್ನು ಕೂರಿಸಿದೆ. ಅವರು ಹಾಕಿದ್ದ ದ್ರವ ಚೆಲ್ಲಿ ನಲ್ಲಿ ನೀರು ತುಂಬಿದೆ. ನೀರು ಕದಡಿದ ಮೇಲೆ ಫೋನ್ ಮಾಡುವುದು, ಅವರು ಬಂದು ಬಾಟಲಿ ಎತ್ತಿ ಹಿಡಿದು ಬಾಯಿತುಂಬ ಬೈಯುವುದು, ಎರಡೂವರೆ ಗಂಟೆ ಇರುವುದು ಎಂದಷ್ಟೇ ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ನೀರು ಬೂದಿ ಬಣ್ಣಕ್ಕೆ ತಿರುಗಿತು. ನಾಲ್ಕು ಸಲ ಅವರ ನಂಬರ್ ಒತ್ತಿ, ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಕಟ್ ಮಾಡಿದೆ.

ಜೂನ್ 3ರಂದು ಸಂಜೆ 4.10ಕ್ಕೆ ರೇಡಿಯೇಟರ್ ತೂತಾಗಿ ನೀರು ಒಳಗೆಲ್ಲ ಸೋರಿತು. ಸುಟ್ಟ ವಾಸನೆ ಬಂದು ಕಂಪ್ಯೂಟರ್ ನಿಂತಿತು. ಒಂದು ಶಾಲೆಯ ಕಟ್ಟಡಕ್ಕೆ ಮೂರು ವಾರ ಕೂತು ಬರೆದ ನಕ್ಷೆ ಹೋಯಿತು. ಕೆಲಸ ಕೊಟ್ಟ ಕಚೇರಿಯ ಮ್ಯಾನೇಜರ್ ಯಾರು ಹಾಳು ಮಾಡಿದರೆಂದು ಕೇಳಿ, ಪೊಲೀಸ್ ದೂರಿನ ಪ್ರತಿ ಕಳಿಸಲು ಹೇಳಿದರು. ಒಬ್ಬ ಮನುಷ್ಯ ಮನೆಗೆ ಬರಲೆಂದು ಹೀಗೆ ಮಾಡಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ರಿಪೇರಿಯವರು ನೀರಿಗೆ ಏನೋ ಬೆರೆಸಿದರೆಂದು ಬರೆದುಕೊಟ್ಟೆ.

ಜೂನ್ 5ರಂದು ಅವರನ್ನು ಇಲ್ಲಿಗೆ ಕರೆಸಿ ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದ್ದರು. ತೊಡೆಯ ಮೇಲೆ ಸಾಮಾನಿನ ಚೀಲವಿತ್ತು. ನಾಲ್ಕು ಅಡಿ ದೂರದ ಮೇಜಿನ ಮೇಲೆ ನನ್ನ ಕಂಪ್ಯೂಟರ್ ಮುಚ್ಚಳ ತೆಗೆದು ಇಟ್ಟಿದ್ದರು. ಆ ರೇಡಿಯೇಟರ್ ತಮ್ಮದಲ್ಲವೆಂದು ಅವರಿಗೆ ನೋಡಿದೊಡನೆ ಗೊತ್ತಾಗಿರುತ್ತದೆ. ನಾನು ಬಾಗಿಲಲ್ಲಿ ನಿಂತಾಗ ತಲೆಯೆತ್ತಿ, ನೀರು ಸೋರಿದಾಗ ನನಗೆ ಶಾಕ್ ಏನೂ ಹೊಡೆಯಲಿಲ್ಲ ತಾನೇ ಎಂದು ಕೇಳಿದರು. ಬೇರೇನೂ ಕೇಳಲಿಲ್ಲ. ನಾನು ಹೊರಟುಹೋದೆ.

ಅವರ ತಪ್ಪು ಕಿಂಚಿತ್ತೂ ಇಲ್ಲ. ಅವರನ್ನು ಮತ್ತೆ ಕರೆಸಬಾರದು. ಸುಳ್ಳು ದೂರಿಗೆ ಆಗುವ ಶಿಕ್ಷೆಗೆ ಒಪ್ಪಿದ್ದೇನೆ.

ಇದನ್ನು ನನಗೆ ಎರಡು ಸಲ ಓದಿ ಹೇಳಲಾಗಿದೆ. ಹೇಳಿದ್ದೆಲ್ಲ ನಿಜ, ಯಾರ ಒತ್ತಾಯವೂ ಇಲ್ಲ.

ನನಗೆ ಸಂಬಂಧಪಟ್ಟವರ ಫೋನ್ ನಂಬರ್ ಎಂಬ ಕಾಲಂ: ನನಗೆ ಬಾಯಿಪಾಠವಾಗಿರುವುದು ಅವರ ನಂಬರ್ ಒಂದೇ. ಕೇಳದೆ ಬರೆಯುವುದು ಸರಿಯಲ್ಲವಾದ್ದರಿಂದ ಖಾಲಿ ಬಿಡಲಾಗಿದೆ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: ಜೂನ್ 6, ಬೆಳಗ್ಗೆ 11.40
ಸಹಿ/-